ಬಲೂನು ಹಾರಿಬಿಟ್ಟವಳು

ಹೋದ ವರ್ಷ ಎಂಜಿನಿಯರಿಂಗ್ ಕಾಲೇಜಿನ ನಾವು ನಾಲ್ವರು ಸೇರಿ, ಮೋಡಗಳಿಗಿಂತ ಮೇಲಕ್ಕೆ ಹೋಗಿ ಫೋಟೊ ತೆಗೆಯುವ ಬಲೂನೊಂದನ್ನು ತಯಾರಿಸಿದೆವು. ಕ್ಯಾಮೆರಾ, ಜಿಪಿಎಸ್ ಇಡುವ ಥರ್ಮೊಕೋಲ್ ಪೆಟ್ಟಿಗೆ ಪೂರ್ತಿ ನನ್ನ ಕೆಲಸ. ಕೊನೆಯ ವಾರ ನಮ್ಮ ಕ್ಲಾಸಿನ ಇನ್ನೊಬ್ಬಳು ತಂಡ ಸೇರಿದಳು. ಚೆನ್ನಾಗಿ ಮಾತಾಡುತ್ತಾಳೆಂದು, ಬಲೂನು ಹಾರಿಬಿಡುವ ಅವಕಾಶವನ್ನು ಸರ್ ಅವಳಿಗೇ ಕೊಟ್ಟರು. ಬೆಳಗ್ಗೆ ಚನ್ನಪಟ್ಟಣದ ಮೈದಾನದಿಂದ ಅದು ಮೇಲೇರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ಮಾತ್ರ ಅವಳ ಫೋಟೊ ತೆಗೆಯುತ್ತಿದ್ದ ಮೊಬೈಲುಗಳ ಮೇಲೇ ಇತ್ತು.

ಮಧ್ಯಾಹ್ನ ಬಲೂನು ಮೇಲೆಯೇ ಒಡೆದು, ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ದೊಡ್ಡಆಲಹಳ್ಳಿಯ ಹಿಪ್ಪುನೇರಳೆ ತೋಟಕ್ಕೆ ಇಳಿಯಿತು. ನಾವು ಹುಡುಕಿಕೊಂಡು ಹೋದಾಗ ತೋಟದ ಹೆಂಗಸು ಅದನ್ನು ಜಗುಲಿಯ ಮೇಲೆ ಜೋಪಾನವಾಗಿ ಇಟ್ಟಿದ್ದರು.

"ಒಸಿನೂ ಒಡ್ದಿಲ್ಲ ನೋಡ್ರವ್ವ. ಯಾರ್ ಮಾಡಿದ್ದು ಇದ್ನ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಭುಜ ಹಿಡಿದು ಮುಂದೆ ತಂದಳು. "ಇವ್ಳೇ ಕಣಕ್ಕ, ಎಲ್ಲಾ ಇವ್ಳದೇ ಕೆಲ್ಸ. ನಾನ್ ಬರೀ ಹಾರುಸ್ಬುಟ್ಟೆ, ಅಷ್ಟೇಯ."

ಹೆಂಗಸು ನನ್ನ ಕೈ ಹಿಡಿದು ಮೆಚ್ಚಿಕೊಂಡರು. ಬಯಸಿದ್ದೇ ಸಿಕ್ಕಿತ್ತು. ಆದರೂ ಬೈಕಿನ ಹಿಂದೆ ಕೂತು ವಾಪಸು ಬರುವಾಗ ನನಗೆ ಸಮಾಧಾನವಿರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನು ಹಾಗೆ ಹೇಳುತ್ತಿರಲಿಲ್ಲ. ಅಷ್ಟು ಸಲೀಸಾಗಿ ಬಿಟ್ಟುಕೊಡುವ ಅವಳ ಮನಸ್ಸನ್ನು ಕಂಡು ನನಗೆ ಬೆಳಗ್ಗೆ ಆದದ್ದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಗಿತ್ತು.