ನೂರೆಂಟರ ಅಳತೆ

ಮಚ್ಛೆ ಎಂಬ ಊರಿನ ಎರಕದ ಕಾರ್ಖಾನೆಯೊಂದರಲ್ಲಿ ಗುರುಪುತ್ರಪ್ಪನವರಿಗೆ ಇಪ್ಪತ್ತಾರು ವರ್ಷ ಒಂದೇ ಕೆಲಸ. ಮ್ಯಾಗ್ನೇಷಿಯಂ ಬೆರೆಸಿದ ಕರಗಿದ ಕಬ್ಬಿಣ ಏಳು ನಿಮಿಷದೊಳಗೆ ಅಚ್ಚುಗಳಿಗೆ ಬೀಳಬೇಕು. ತಡವಾದರೆ ಎರಕ ಸುತ್ತಿಗೆಯ ಏಟಿಗೆ ಒಡೆಯುತ್ತದೆ. ಸಮಯ ಮುಗಿದೊಡನೆ "ಸಾಕು" ಎಂದು ಕೂಗುವವರು ಅವರು. ಲೋಹದಿಂದ ಕಣ್ಣು ಕೀಳುವಂತಿಲ್ಲ, ಗಡಿಯಾರ ಬೆನ್ನ ಹಿಂದೆ. ಹಾಗಾಗಿ ಖಾನಾಪುರದ ಮನೆಯಲ್ಲಿ ಬೆಳಿಗ್ಗೆ ಲಿಂಗಪೂಜೆಗೆ ಕೂತು ಜಪಿಸುವ 'ಓಂ ನಮಃ ಶಿವಾಯ'ವನ್ನೇ ಇಲ್ಲಿಯೂ ಮನಸ್ಸಿನಲ್ಲಿ ಹೇಳುತ್ತ, ಹೆಬ್ಬೆರಳಿನಿಂದ ಗೆಣ್ಣು ಎಣಿಸುತ್ತಿದ್ದರು. ನೂರೆಂಟಕ್ಕೆ ಏಳು ನಿಮಿಷ.

ಕಳೆದ ಮಳೆಗಾಲದಲ್ಲಿ ಲಕ್ವ ಹೊಡೆಯಿತು. ನಾಲ್ಕು ತಿಂಗಳಲ್ಲಿ ಕೈಕಾಲು, ಮಾತು ಮರಳಿದವು. ಅವರು ಕೆಲಸಕ್ಕೆ ಹಿಂದಿರುಗಿದ ವಾರದಿಂದಲೇ ಎರಕಗಳು ಒಡೆಯತೊಡಗಿದವು. ಮ್ಯಾಗ್ನೇಷಿಯಂ ಕಡಿಮೆ ಬಿದ್ದರೂ ಹಾಗೆಯೇ ಒಡೆಯುತ್ತದೆ. ಅದನ್ನು ಹಾಕುತ್ತಿದ್ದವನು ಪೀರನವಾಡಿಯ ಆಕಾಶ, ಇಬ್ಬರು ಮಕ್ಕಳ ತಂದೆ, ಗುತ್ತಿಗೆಯ ಕೆಲಸಗಾರ. ತಾನು ತೂಕ ಸರಿಯಾಗಿಯೇ ಹಾಕಿದ್ದೇನೆ, ಸುರಿಯುವುದೇ ತಡವಾಗುತ್ತಿದೆ ಎಂದ. ಮಾಲೀಕರು ಗುರುಪುತ್ರಪ್ಪನವರನ್ನು ಕೇಳಿದರು.

"ನನ್ನ ಎಣಿಕಿ ಒಂದೂ ತಪ್ಪಿಲ್ಲರೀ. ಲಿಂಗದಾಣಿ."

ಎಣಿಕೆ ನಿಜಕ್ಕೂ ತಪ್ಪಿರಲಿಲ್ಲ. ಇಪ್ಪತ್ತಾರು ವರ್ಷದ ಮಾತನ್ನು ಗಡಿಯಾರ ಹಿಡಿದು ಪರೀಕ್ಷಿಸಲು ಯಾರಿಗೂ ತೋಚಲಿಲ್ಲ. ಆಕಾಶನನ್ನು ಅಂದೇ ಬಿಡಿಸಿದರು. ಎರಕ ಒಡೆಯುವುದು ನಿಲ್ಲಲಿಲ್ಲ.

ಗಂಡ ಪೂಜೆಗೆ ಕೂತಾಗ ಉಪ್ಪಿಟ್ಟಿಗೆ ಮುಚ್ಚಳ ಹಾಕಿ, ಎದ್ದಾಗ ಒಲೆ ಆರಿಸುವುದು ಹೆಂಡತಿ ಶಿವಬಸವ್ವನವರ ರೂಢಿ. ಈಚೆಗೆ ದಿನವೂ ತಳ ಸೀಯುತ್ತಿತ್ತು. ಕಾಯಿಲೆಯಿಂದ ಇವರ ಭಕ್ತಿ ಹೆಚ್ಚಿದೆ ಎಂದು ನಂಬಿ, ನೆಂಟರಿಗೂ ಹೇಳಿಕೊಂಡಿದ್ದರು. ಒಂದು ಭಾನುವಾರ ಪಾತ್ರೆ ತಿಕ್ಕುತ್ತ ನಕ್ಕರು:

"ಮೊದಲ ಲಗೂನ ಏಳ್ತಿದ್ರಿ. ಈಗ ಶಿವ ನಿಮ್ಮ ಕೈ ಬಿಡವಲ್ಲ, ನನಗ ಪಾತ್ರಿ ತಿಕ್ಕೂದು ತಪ್ಪವಲ್ದು."

ಗುರುಪುತ್ರಪ್ಪ ನಗಲಿಲ್ಲ. ಮೊಬೈಲಿನಲ್ಲಿ ಸಮಯ ನೋಡುತ್ತಿರಲು ಹೆಂಡತಿಗೆ ಹೇಳಿ ಮತ್ತೆ ಕೂತರು. ನೂರೆಂಟಕ್ಕೆ ಹದಿಮೂರು ನಿಮಿಷ. ಇನ್ನೊಮ್ಮೆ ಜಪಿಸಿದರು, ಮತ್ತೆ ಹದಿಮೂರು.

"ನನಗ ಏಳ ನಿಮಿಷ ಆದಂಗ ಐತಿ," ಎಂದರು.

ಮರುದಿನ ಮಾಲೀಕರಿಗೆ ಎಲ್ಲ ಹೇಳಿದರು. ಮಾಲೀಕರು ಅವರನ್ನು ಕುಲುಮೆಯಿಂದ ತೆಗೆದು ಮರಳು ಗುಡಿಸಲು ಹಾಕಿದರು. ಆಕಾಶನ ಜಾಗಕ್ಕೆ ಅಷ್ಟರಲ್ಲಿ ಬೇರೆಯವನು ಬಂದಿದ್ದ. ಗುರುಪುತ್ರಪ್ಪ ಪೀರನವಾಡಿಗೆ ಹೋದಾಗ ಆಕಾಶ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

"ಕಾಕಾ, ಅವತ್ತ ಒಮ್ಮಿ ಹೊಳ್ಳಿ ಗಡಿಯಾರ ನೋಡಿದ್ರ ಏನಾಗ್ತಿತ್ತು?"

ಅವರು ಖಾನಾಪುರದ ಬಸ್ಸು ಹಿಡಿದರು.

ಈಗ ಕುಲುಮೆಯ ಬಳಿ ಒಬ್ಬರು ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಾರೆ. ಗುರುಪುತ್ರಪ್ಪನವರ ಒಂದು ಕೈಯಲ್ಲಿ ಪೊರಕೆ. ಇನ್ನೊಂದರ ಹೆಬ್ಬೆರಳು ಗೆಣ್ಣುಗಳ ಮೇಲೆ ಸರಿಯುತ್ತಿರುತ್ತದೆ. ಮೊನ್ನೆ "ಸಾಕು" ಎಂಬ ಕೂಗು ಬಿದ್ದಾಗ ಅವರು ಐವತ್ತೆಂಟರಲ್ಲಿದ್ದರು.