ಗಿರಣಿಯಲ್ಲಿ ‘ಮೌನವಾಗಿರಿ’

ಲೈಬ್ರರಿ ಮೇಡಂ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡಿದವರಲ್ಲ. ಈ ಸಲ ಅದೇ ಮುಳುವಾಯಿತು.

ಬಂದವರನ್ನು ಕೂರಿಸಿಕೊಂಡು ಭಾಷಣ ಕೊರೆಯಲು ಶಾಲೆಯ ಹೆಡ್ಮಾಸ್ಟರಿಗೆ ಒಂದು ಕೋಣೆ ಬೇಕಾಗಿತ್ತು. ಕಣ್ಣು ಲೈಬ್ರರಿಯ ಮೇಲೆ ಬಿತ್ತು. ಹಳೆಯ ಪುಸ್ತಕಗಳನ್ನು ಹೊರಹಾಕುವ ಈ ಕೆಲಸಕ್ಕೆ ಅವರೇ ‘ಜ್ಞಾನದ ನವೀಕರಣ’ ಎಂದು ಹೆಸರಿಟ್ಟರು. ಒಂದೊಂದಕ್ಕೂ ‘ರದ್ದು’ ಎಂಬ ಮೊಹರು ಬೀಳಬೇಕೆಂದು ಅಪ್ಪಣೆಯಾಯಿತು. ಮೇಡಂ ಮೊದಲ ಪುಟಕ್ಕೆ ಒತ್ತಿದರು, ಕೊನೆಯ ಪುಟಕ್ಕೆ ಒತ್ತಿದರು. ಕದ್ದವರನ್ನು ಹಿಡಿಯಲೆಂದು ಲೈಬ್ರರಿಯವರು ನಡುವೆ ಒಂದು ಪುಟಕ್ಕೆ ಗುಟ್ಟಾಗಿ ಮೊಹರು ಹಾಕಿರುತ್ತಾರಲ್ಲ, ಕೈ ಸುಮ್ಮನಿರಬೇಕೇ, ಅಲ್ಲಿಯೂ ಒತ್ತಿದರು.

ಆಮೇಲೆ ತಿಳಿಯಿತು, ಶನಿವಾರ ಗುಜರಿಯವನು ಬರುತ್ತಾನೆ, ಪುಸ್ತಕವೆಲ್ಲ ಅರೆದು ರಟ್ಟಾಗುತ್ತದೆ ಎಂದು. ಅಷ್ಟರೊಳಗೆ ಯಾರಾದರೂ ಒಯ್ದರೆ ಒಯ್ಯಲಿ ಎಂದು ಹೆಡ್ಮಾಸ್ಟರು ಉದಾರವಾಗಿ ಹೇಳಿದರು. ಯಾರೂ ಒಯ್ಯುವುದಿಲ್ಲ ಎಂಬ ಧೈರ್ಯ ಅವರಿಗಿತ್ತು.

ಮೇಡಂ ಸೆರಗು ಬಿಗಿದು ಹೊರಟರು. ಆಸ್ಪತ್ರೆಯವರು ಪುಟ ತೆರೆದು, ಮೊಹರು ನೋಡಿ, ನಿಮಗೆ ಬೇಡವಾದದ್ದು ನಮಗ್ಯಾಕೆ ಎಂದರು. ಪಕ್ಕದ ಶಾಲೆಯವರು ನಡುವಿನ ಪುಟದವರೆಗೂ ಹೋಗಿ, ಇಲ್ಲೂ ಬಿಟ್ಟಿಲ್ಲವಲ್ಲ ಎಂದು ನಕ್ಕರು. ಮೇಡಂಗೆ ತಾವು ಹೊಡೆದ ಮೊಹರು ತಮ್ಮ ಕೆನ್ನೆಗೇ ಬಿದ್ದಂತಾಯಿತು. ಆದರೆ ಹಿಡಿದ ಪಟ್ಟು ಸಡಿಲಿಸುವ ಹೆಂಗಸಲ್ಲ. ಕೊನೆಗೆ ಅಕ್ಕನ ಗಂಡನ ಹಿಟ್ಟಿನ ಗಿರಣಿಗೆ ಹೋದರು.

“ಹುಳ ಇದೆಯೇನಮ್ಮ?” ಎಂದರು ಭಾವ.

“ಬಿಸಿಲಿಗೆ ಹಾಕಿದೀನಿ ಭಾವ. ನಿಮ್ಮ ಗೋಧಿಗಿಂತ ಚೊಕ್ಕವಾಗಿದೆ.”

ಒಂದು ವಾರ ಇಟ್ಟು ನೋಡೋಣ, ಯಾರೂ ಮುಟ್ಟದಿದ್ದರೆ ಗುಜರಿಯವನನ್ನು ನಾನೇ ಕರೆಸುತ್ತೇನೆ ಎಂದು ಭಾವ ಗೋಡೆಯ ಹಲಗೆ ಖಾಲಿ ಮಾಡಿಕೊಟ್ಟರು. ಪುಸ್ತಕದ ಜೊತೆಗೆ ಲೈಬ್ರರಿಯ ‘ಮೌನವಾಗಿರಿ’ ಬೋರ್ಡೂ ಬಂತು. ಅದನ್ನು ಬಿಟ್ಟುಬರಲು ಮೇಡಂಗೆ ಮನಸ್ಸಾಗಿರಲಿಲ್ಲ. ಭಾವ ಅದನ್ನು ಗಡಗಡ ಎನ್ನುವ ಯಂತ್ರದ ತಲೆಯ ಮೇಲೆಯೇ ತೂಗುಹಾಕಿ, ಇದಕ್ಕೆ ಹೇಳಿ ನೋಡು ಎಂದು ಕಿಚಾಯಿಸಿದರು.

ಮೊದಲ ದಿನಗಳಲ್ಲಿ ಪುಸ್ತಕಗಳ ಮೇಲೆ ಹಿಟ್ಟಷ್ಟೇ ಕೂತಿತು. ವಾರ ಮುಗಿಯುತ್ತ ಬಂದಾಗ ಮೇಡಂ ರಜೆ ಹಾಕಿ, ಡಬ್ಬ ಹಿಡಿದು ಕಾಯುವವರ ಬೆಂಚಿನ ಮೇಲೆ ತಾವೂ ಕೂತು, ಒಂದು ನಗೆಕಥೆ ಓದತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಹೆಂಗಸು ಏನಂತೆ ಎಂದು ಕೇಳಿದಳು. ಯಂತ್ರದ ಸದ್ದಿಗೆ ಅವಳ ಪ್ರಶ್ನೆ ಇವರಿಗೆ ಕೇಳಲಿಲ್ಲ, ಇವರ ಉತ್ತರ ಅವಳಿಗೆ ಕೇಳಲಿಲ್ಲ. ಕೂಗಿ ಕೂಗಿ ಗಂಟಲು ಸೋತಾಗ ಮೇಡಂ ಪುಸ್ತಕವನ್ನೇ ಅವಳ ಕೈಗಿತ್ತರು. ಅವಳು ಓದಿ ನಕ್ಕಳು. ಅವಳ ಪಕ್ಕದವನು ಕತ್ತು ಚಾಚಿದ. ಮಾತಾಡಲು ದಾರಿಯಿಲ್ಲದ ಜಾಗ. ಕಣ್ಣಿಗಾದರೂ ಕೆಲಸ ಬೇಡವೇ? ಇಷ್ಟು ವರ್ಷ ಶಾಲೆಯಲ್ಲಿ ಮೇಜು ಕುಟ್ಟಿ ಕುಟ್ಟಿ ಸಾಧಿಸಲಾಗದ ಮೌನ, ಆ ಗದ್ದಲದಲ್ಲಿ ತಾನಾಗಿ ಬಂದು ಕೂತಿತ್ತು.

ವಾರ ಕಳೆದ ಮೇಲೆ ಭಾವ ಮುಖ ಗಂಟಿಕ್ಕಿಕೊಂಡೇ ಎದುರಾದರು. ಹಿಟ್ಟಾಯಿತು ಎಂದು ಭುಜ ಅಲುಗಾಡಿಸಿದರೂ ಗಿರಾಕಿಗಳು ಏಳುವುದಿಲ್ಲವಂತೆ, ಬಂದವರಿಗೆ ಕೂರಲು ಜಾಗವಿಲ್ಲವಂತೆ.

ಮೇಡಂ ಎದೆ ಗಟ್ಟಿ ಮಾಡಿಕೊಂಡು ಕೇಳಿದರು. “ಹಾಗಾದ್ರೆ ಗುಜರಿಯವನನ್ನ ಕರೆಸ್ತೀರಾ?”

“ಆಗಲೇ ಹೇಳಿಕಳಿಸಿದೀನಿ,” ಎಂದರು ಭಾವ. “ಮೂಲೇಲಿರೋ ಹಳೇ ಯಂತ್ರ ಹೊತ್ಕೊಂಡು ಹೋಗ್ಲಿ. ಅಲ್ಲಿ ಇನ್ನೊಂದು ಬೆಂಚು ಹಾಕಬೇಕು.”