ಬಬಲೇಶ್ವರದಲ್ಲಿ ತೆರೆಯದ ಡಿಕ್ಕಿ

ಮೊನ್ನೆ ಮಗಳ ಸೈಕಲ್ಲಿಗೆ ಬ್ರೇಕಿನ ವಾಯರು ಹಾಕಿಸಲು ಅಥಣಿ ರಸ್ತೆಯ ಅಂಗಡಿಯೊಂದರ ಮುಂದೆ ನಿಂತಿದ್ದೆ. ಅಂಗಡಿಯವನು ಹೊಸ ವಾಯರಿಗೆ ಗ್ರೀಸು ಸವರಿ ಎಳೆದು ಬಿಗಿಯುವಾಗ ಆ ವಾಸನೆ ಮೂಗಿಗೆ ಬಡಿಯಿತು... ಬೇರೆಯವರಿಗೆ ಅದು ಸೈಕಲ್ಲಿನ ವಾಸನೆ ಇರಬಹುದು. ನನಗೆ ಅದು ನಮ್ಮ ಓಣಿಯ ಮೂಲೆಮನೆ ಕಾಕಾನ ಹಳೆಯ ಕಾರಿನ ಡಿಕ್ಕಿಯ ವಾಸನೆ.

ಆಗ ನಾವು ಜಲನಗರದಲ್ಲಿದ್ದೆವು. ಕಾಕಾ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಟಿಕೋಟಾ, ಬಬಲೇಶ್ವರದ ದಾರಿಗಳಲ್ಲಿ ಅರ್ಧ ಆಯುಷ್ಯ ನಿಂತೇ ಕಳೆದವರು. ಟಿಕೆಟ್ಟಿನ ಚೀಲ ವಾಪಸು ಕೊಟ್ಟು ಬಂದರೂ ಎರಡು ಮಾತು ಮಾತ್ರ ಬಾಯಿಬಿಟ್ಟು ಹೋಗಿರಲಿಲ್ಲ. ನಿಲ್ಲಿಸುವುದಕ್ಕೆ ‘ಹೋಲ್ಡಾನ್’. ಹೊರಡುವುದಕ್ಕೆ ಕೈಗೆ ಸಿಕ್ಕಿದ್ದನ್ನು ಎರಡು ಸಲ ತಟ್ಟಿ ‘ರೈಟ್’. ಹಾಲು ಹಾಕುವವನಿಗೂ ಹೋಲ್ಡಾನ್, ಮದುವೆ ಊಟದಲ್ಲಿ ಸಾರು ಬಡಿಸುವವನಿಗೂ ಹೋಲ್ಡಾನ್. ಕಾಕಿಯ ಮಾತು ಉದ್ದವಾದರೆ ಅವರ ಕುರ್ಚಿಯ ಕೈ ತಟ್ಟಿ ರೈಟ್ ಅನ್ನುತ್ತಿದ್ದರು.

“ನಾ ಏನ್ ಬಸ್ಸೇನ್ರಿ?” ಎಂದು ಕಾಕಿ ಇನ್ನೂ ಹೆಚ್ಚು ಮಾತಾಡುತ್ತಿದ್ದರು.

ಕಾಕಿಯ ಕುರ್ಚಿ ಎಂದರೆ ಗಾಲಿಕುರ್ಚಿ. ಬೆನ್ನಿನ ಬೇನೆಯಿಂದ ಎರಡೂ ಕಾಲು ಸೋತಿದ್ದವು. ಆದರೆ ಅವರನ್ನು ಎತ್ತಿಕೊಳ್ಳಲು ಯಾರಾದರೂ ಕೈ ಮುಂದೆ ಮಾಡಿದರೆ ಮುಗಿಯಿತು, ಕಣ್ಣು ಕೆಂಪಾಗುತ್ತಿತ್ತು. “ಮಂದಿ ಹೊರೂದು ಒಂದ ಸಲ ಐತಿ. ಅದು ಇನ್ನೂ ಬಂದಿಲ್ಲ” ಅನ್ನುತ್ತಿದ್ದರು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿನ ಸೀಟಿಗೆ ತಾವೇ ಕೈಯೂರಿ ಜಾರಿಕೊಳ್ಳುತ್ತಿದ್ದರು. ಅದಕ್ಕೆಷ್ಟು ಹೊತ್ತು ಹಿಡಿದರೂ ಕಾಕಾ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದರು.

ಬಬಲೇಶ್ವರದಲ್ಲಿ ಕಾಕಿಯ ಅಕ್ಕ ಇದ್ದರು. ತಂದೆತಾಯಿ ಬೇಗ ಹೋದದ್ದರಿಂದ ಅಕ್ಕನ ಮನೆಯೇ ಕಾಕಿಗೆ ತವರು. ಸಂತೆಯ ದಿನ ಬಂತೆಂದರೆ ಕಾಕಾ ಕಾರು ಒರೆಸುವರು. ಹಿಂದಿನ ಸೀಟಿನ ತುಂಬ ಕಾಕಿ ಕಾಲು ಚಾಚಿ ಒರಗುವರು. ಹಾಗಾಗಿ ಮಡಚಿದ ಗಾಲಿಕುರ್ಚಿಗೆ ಡಿಕ್ಕಿ ಬಿಟ್ಟರೆ ಜಾಗವಿರಲಿಲ್ಲ. ಡಿಕ್ಕಿ ಮುಚ್ಚಿ, ಅದರ ಮೇಲೆ ಎರಡು ಸಲ ತಟ್ಟಿ ‘ರೈಟ್’ ಅಂದರೆ ಓಣಿಗೆಲ್ಲ ಗೊತ್ತು, ಕಾಕಿ ತವರಿಗೆ ಹೊರಟರು.

ಆ ಡಿಕ್ಕಿಯೇ ಒಂದು ದಿನ ಕೈಕೊಟ್ಟಿತು. ಡ್ರೈವರ್ ಸೀಟಿನ ಮಗ್ಗುಲಲ್ಲೊಂದು ಹಿಡಿಕೆ. ಅದನ್ನೆತ್ತಿದರೆ ಒಳಗಿನ ವಾಯರು ಎಳೆದು ಹಿಂದಿನ ಲಾಕು ಬಿಡಬೇಕು. ವಾಯರು ತುಕ್ಕು ಹಿಡಿದು ಹರಿದಿತ್ತು. ಹೊರಗಿನ ಕೀಲಿಯ ತೂತು ಎಂದೋ ಕೆಟ್ಟಿತ್ತು. ಎಂಜಿನ್ನು ಮಾತ್ರ ಗುಂಡುಕಲ್ಲಿನಂತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ. ಗ್ಯಾರೇಜಿನವನು ನೋಡಿ, “ಈ ಗಾಡಿ ಪಾರ್ಟ್ ಬರೂದ ಬಂದ್ ಆಗೈತ್ರಿ ಯಜಮಾನ್ರ. ಲಾಕ್ ಒಡದು ಹಗ್ಗಾ ಕಟ್ಕೊಂಡು ಅಡ್ಡಾಡ್ರಿ” ಎಂದ. ಕಾರಿಗೆ ಹಗ್ಗ ಕಟ್ಟುವ ಮಾತು ಕಾಕಾಗೆ ಸೇರಲಿಲ್ಲ. ಸೈಕಲ್ಲಿನ ಬ್ರೇಕ್ ವಾಯರು ತಂದು ತಾವೇ ಕೂತರು.

ಓಣಿಯಲ್ಲಿ ನಾನೊಬ್ಬ ಕಡ್ಡಿ ಪೈಲ್ವಾನ. ಹಿಂದಿನ ಸೀಟಿನ ಬೆನ್ನು ಬಿಚ್ಚಿ, ಡಿಕ್ಕಿಯೊಳಕ್ಕೆ ತೂರಿ, ಒಳಗಿಂದ ಸ್ಕ್ರೂಡ್ರೈವರಿನಲ್ಲಿ ಲಾಕು ಮೀಟುವ ಕೆಲಸ ನನ್ನ ಪಾಲಿಗೆ ಬಂತು. ಗ್ರೀಸು, ಹಳೇ ರಬ್ಬರು, ಸಂತೆಯ ಉಳ್ಳಾಗಡ್ಡಿ ಸಿಪ್ಪೆ... ಆ ವಾಸನೆಯೊಳಗೆ ಎಷ್ಟು ಭಾನುವಾರ ಮಲಗಿದ್ದೆನೋ. ವಾರಕ್ಕೊಮ್ಮೆ ನಾನೂ ಜೊತೆಗೆ ಬಂದು, ಡಿಕ್ಕಿಯೊಳಗೇ ಕೂತು ಅಲ್ಲಿ ಲಾಕು ಮೀಟುತ್ತೇನೆಂದರೆ ಕಾಕಿ ನಕ್ಕರು. “ಗಂಡಸನ್ನ ಡಿಕ್ಕ್ಯಾಗ ಹಾಕ್ಕೊಂಡು ತವರಿಗಿ ಹೋಗೂದೇನ್ ತಮ್ಮಾ?”

ಸೈಕಲ್ ವಾಯರು ತೆಳುವು. ನಾಲ್ಕು ಸಲ ಲಾಕು ಬಿಟ್ಟರೆ ಐದನೆಯ ಸಲ ಗಂಟು ಜಾರುತ್ತಿತ್ತು. ಕಾಕಾ ಮತ್ತೆ ಬಿಗಿಯುತ್ತಿದ್ದರು. ಅದು ಮತ್ತೆ ಜಾರುತ್ತಿತ್ತು. ಕಾಕಿ ಬಬಲೇಶ್ವರಕ್ಕೆ ಹೋಗದೆ ಸಂತೆಗಳು ಕಳೆದವು.

ಅಕ್ಕನಿಗೆ ಮೈಯಲ್ಲಿ ಹುಷಾರಿಲ್ಲ ಎಂಬ ಸುದ್ದಿ ಬಂದ ದಿನ ಕಾಕಾ ಹೊರಟೇಬಿಡುವ ಹುರುಪಿನಲ್ಲಿದ್ದರು. ಗಾಲಿಕುರ್ಚಿ ಒಳಗೆ, ಡಿಕ್ಕಿ ಮತ್ತೆ ಬಂದ್. ಬೇಸತ್ತು ಫೋನು ಹಚ್ಚಿ, “ಗಾಡಿ ಡಿಕ್ಕಿ ಜಾಮ್ ಆಗೈತಿ, ಇವತ್ತ ಬರೂದಾಗಂಗಿಲ್ಲ” ಎಂದರು. ಆ ಕಡೆ ಫೋನು ಹಿಡಿದಿದ್ದ ಅಕ್ಕನ ಸೊಸೆಗೆ ಕೇಳಿಸಿದ್ದು ಎರಡೇ ಮಾತು: ಗಾಡಿ, ಡಿಕ್ಕಿ. ದಿನಾ ಪೇಪರಿನಲ್ಲಿ ಲಾರಿಗೆ ಕಾರು ಡಿಕ್ಕಿ ಎಂದು ಓದುವವರಿಗೆ ಇನ್ನೇನು ಹೊಳೆಯಬೇಕು?

ಮಧ್ಯಾಹ್ನ ಗೇಟಿನಲ್ಲಿ ಗೋಳಾಟ ಕೇಳಿ ನಾನು ಓಡಿ ಬಂದೆ. ಹುಷಾರಿಲ್ಲದ ಅಕ್ಕ ಜೀಪು ಹತ್ತಿ ಬಂದುಬಿಟ್ಟಿದ್ದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಕಾರಿನ ಬಾಗಿಲಿನಿಂದ ಹೊರಗೆ ಚಾಚಿದ್ದ ಕಾಕಾನ ಎರಡು ಕಾಲು. ಅವರು ಎದೆ ಎದೆ ಬಡಿದುಕೊಂಡು ಕಿರುಚಿದ ರಭಸಕ್ಕೆ ಒಳಗಿದ್ದ ಕಾಕಾ ತಲೆ ಬಡಿಸಿಕೊಂಡು, “ಹೋಲ್ಡಾನ್! ಹೋಲ್ಡಾನ್!” ಎಂದು ಕೂಗಿದರು. ಅಷ್ಟು ನಗು ಆ ಮನೆಯಲ್ಲಿ ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲಂತೂ ಇಲ್ಲವೇ ಇಲ್ಲ. ಅಕ್ಕ ತಂಗಿ ಕೈ ಕೈ ಹಿಡಿದುಕೊಂಡು ಸಂಜೆಯವರೆಗೆ ಕೂತಿದ್ದರು. ಹೊರಡುವಾಗ ಅಕ್ಕ, “ಇನ್ನ ನೀ ಬರ್ಬೇಕವಾ. ನನಗ ಮತ್ತ ಬರೂದ ಆಗಂಗಿಲ್ಲ” ಎಂದರು.

“ಬರತೇನಿ ಬೇ ಯಕ್ಕಾ. ನನ್ನ ಕುರ್ಚಿ ಮ್ಯಾಲ ನಿನ್ನ ಪಡಸಾಲಿಗೇ ಬರತೇನಿ” ಎಂದರು ಕಾಕಿ.

ಆ ಮಾತನ್ನು ಕಾಕಾ ಕೇಳಿಸಿಕೊಂಡಿದ್ದರು. ಮಾರನೆಯ ದಿನದಿಂದ ಅವರಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಗುಜರಿಯಿಂದ ಬೇರೆ ಕಾರಿನ ದಪ್ಪ ವಾಯರು ಹುಡುಕಿ ತಂದರು. ಉದ್ದ ಸಾಲದ್ದಕ್ಕೆ ಸೈಕಲ್ ವಾಯರನ್ನೇ ಜೋಡಿಸಿದರು. ಅದು ಸರಿಹೋಗುವಷ್ಟರಲ್ಲಿ ಬಬಲೇಶ್ವರದಿಂದ ಫೋನು ಬಂತು. ಅಕ್ಕ ಬೆಳಗಿನ ಜಾವ ತೀರಿಕೊಂಡಿದ್ದರು.

ಮಣ್ಣಿಗೆ ಹೊರಟಾಗ ನಾನೂ ಜೊತೆಗಿದ್ದೆ. “ಬಾಡಿಗಿ ಗಾಡಿ ಹೇಳೂಣೇನ್ರಿ ಕಾಕಾ?” ಎಂದು ಕೇಳಿದೆ. “ಯಾಕ್ಪಾ, ಈಗಷ್ಟ ತಗದ ನೋಡೇನಿ” ಎಂದರು. ನಿಜ, ನನ್ನೆದುರಿಗೇ ತೆಗೆದು ತೋರಿಸಿದರು. ಡಿಕ್ಕಿ ಮೃದುವಾಗಿ ಬಿಟ್ಟುಕೊಂಡಿತು. ಕುರ್ಚಿ ಇಟ್ಟು ಮುಚ್ಚಿದರು. ಅಂದು ಮಾತ್ರ ತಟ್ಟಲಿಲ್ಲ.

ಬಬಲೇಶ್ವರದಲ್ಲಿ ಅಕ್ಕನ ಮನೆಯ ಓಣಿಯ ಬಾಯಿಗೆ ಕಾರು ನಿಲ್ಲಿಸಿ ಹಿಡಿಕೆ ಎತ್ತಿದರೆ, ಅದು ಸತ್ತ ಹಾವಿನಂತೆ ಕೈಗೆ ಬಂತು. ಒಳಗಿಂದ ತೂರಿ ಮೀಟೋಣವೆಂದರೆ ಹಿಂದಿನ ಸೀಟಿನಲ್ಲಿ ಕಾಕಿ. ಅವರನ್ನು ಇಳಿಸಬೇಕೆಂದರೆ ಗಾಲಿಕುರ್ಚಿ ಡಿಕ್ಕಿಯಲ್ಲಿ. ನೆಂಟರು ಪ್ಲಾಸ್ಟಿಕ್ ಕುರ್ಚಿ ತಂದು, ಕೂಡಿಸಿ ಹೊತ್ತುಕೊಂಡು ಹೋಗುತ್ತೇವೆಂದರು. ಕೈಯೂರಿದರೆ ಜಾರುವ ಕುರ್ಚಿಗೆ ತಾವೇ ಇಳಿಯುವಂತಿರಲಿಲ್ಲ, ಹೊರಿಸಿಕೊಳ್ಳಲು ಒಲ್ಲೆನೆಂದು ಕಾಕಿ ತಲೆ ಅಲ್ಲಾಡಿಸಿದರು. ಕಾಕಾ ಕಲ್ಲೆತ್ತಿಕೊಂಡು ಹಿಂದಿನ ಗಾಜಿನ ಮುಂದೆ ನಿಂತರು.

“ಬ್ಯಾಡ್ರಿ” ಎಂದರು ಕಾಕಿ. “ಇವತ್ತ ಏನೂ ಒಡೀಬ್ಯಾಡ್ರಿ.”

ಓಣಿಯ ಒಳಗಿಂದ ಭಜನೆ ಹತ್ತಿರ ಬಂತು. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಬಳಿದು, ಹೂವಿನ ವಿಮಾನದಲ್ಲಿ ಕೂಡಿಸಿ ಹೊರುತ್ತಾರೆ. ಕಾರಿನ ಹತ್ತಿರ ಬರುತ್ತಲೇ ಕಾಕಾ ಕೈ ಅಡ್ಡ ಮಾಡಿದರು. “ಹೋಲ್ಡಾನ್” ಎಂದರು.

ಹೊತ್ತವರು ನಿಂತರು, ವಿಮಾನವನ್ನು ಕೆಳಗಿಳಿಸಿದರು. ಇತ್ತ ಕಿಟಕಿಯಲ್ಲಿ ತಂಗಿ ಕೂತಿದ್ದರು, ಅತ್ತ ಹೂವಿನ ನಡುವೆ ಅಕ್ಕ ಕೂತಿದ್ದರು. ಮುಖಕ್ಕೆ ಮುಖ. ಕಾಕಿ ಕೈ ಚಾಚಿದರು. ಬೆರಳು ಹೂವಿಗೆ ತಾಗಿತು, ಕೆನ್ನೆಗೆ ಮುಟ್ಟಲಿಲ್ಲ. ಭಜನೆ ನಿಂತಿತ್ತು. ಮುಂದೆ ಹೋಗಲು ಯಾರಾದರೂ ಹೇಳಬೇಕು, ಹೇಳಬೇಕಾದವರು ಬಂದಾದ ಡಿಕ್ಕಿಗೆ ಒರಗಿ ನೆಲ ನೋಡುತ್ತಿದ್ದರು.

ಕೊನೆಗೆ ಕಾಕಿಯೇ ಕಿಟಕಿಯಿಂದ ಕೈ ಹೊರಗೆ ಹಾಕಿ, ಕಾರಿನ ಬಾಗಿಲನ್ನು ಎರಡು ಸಲ ತಟ್ಟಿದರು.

ವಿಮಾನ ಎದ್ದು ಮುಂದೆ ಹೋಯಿತು.

ಆಮೇಲೆ ಕಾಕಾ ಡಿಕ್ಕಿಯ ಸುದ್ದಿಗೆ ಹೋಗಲಿಲ್ಲ. ಮನೆಗೆ ಬಂದು, ಕಾರಿನ ಬಾಗಿಲಿಗೆ ತಾಗಿಸಿದ ಮಂಚಕ್ಕೆ ಕಾಕಿ ಜಾರಿ ಇಳಿದ ಮೇಲೆ ನಾನೇ ಒಳಗೆ ತೂರಿ ಲಾಕು ಮೀಟಿ ಕುರ್ಚಿ ತೆಗೆದುಕೊಟ್ಟೆ. ಹೋಲ್ಡಾನ್, ರೈಟ್ ಎರಡೂ ಆ ಮನೆಯಿಂದ ಹೋದವು. ಕಾಕಿ ಎಷ್ಟು ಮಾತಾಡಿದರೂ ಅವರು ತಡೆಯುತ್ತಿರಲಿಲ್ಲ. ಹಾಗಾಗಿ ಕಾಕಿಯೂ ಮಾತು ಕಡಿಮೆ ಮಾಡಿದರು. ಒಂದೆರಡು ವರ್ಷದ ಅಂತರದಲ್ಲಿ ಇಬ್ಬರೂ ಹೋದರು. ಕಾರು ಗುಜರಿಗೆ ಹೋಯಿತು.

“ಆತ್ರಿ ಸರ್, ಹಿಡದ ನೋಡ್ರಿ” ಎಂದು ಸೈಕಲ್ ಅಂಗಡಿಯವನು ಕರೆದ. ಬ್ರೇಕು ಹಿಡಿದೆ, ವಾಯರು ಗಟ್ಟಿಯಾಗಿಯೇ ಇತ್ತು. ಆದರೂ ನನಗೆ ನಂಬಿಕೆ ಬರಲಿಲ್ಲ. ಮಗಳು ಸೈಕಲ್ ಹತ್ತಿದಳು. ಸೀಟಿನ ಹಿಂದೆ ತಟ್ಟಿ ಕಳಿಸಬೇಕೆಂದು ಕೈ ಎತ್ತಿದೆ... ಒಂದು ಸಲ ತಟ್ಟಿದೆ, ಎರಡನೆಯದು ಆಗಲಿಲ್ಲ. ಅವಳು ಅಷ್ಟರಲ್ಲಿ ಹೋಗಿದ್ದಳು.